ಒಂದು ಜೋಡಿ ತಂತಿ

ಹಳದಿ ಗೇಟಿನ ಮನೆಯ ಟೀಚರಮ್ಮನ ಫೋನು ಸತ್ತಿದೆ ಎಂಬ ದೂರು ಬಂದಾಗ, ನಿಜ ಹೇಳಬೇಕೆಂದರೆ, ಲೈನ್‌ಮನ್‌ಗೆ ಮೊದಲು ಆದದ್ದು ಖುಷಿ. ಟೆಲಿಫೋನ್ ಎಕ್ಸ್‌ಚೇಂಜಿಗೆ ಒಂದು ದೂರು ಅಂತ ಬಂದು ಹನ್ನೊಂದು ದಿನವಾಗಿತ್ತು. ಒಂದು ಕಾಲಕ್ಕೆ ನಲವತ್ತು ಜನ ಗಿಜಿಗುಟ್ಟುತ್ತಿದ್ದ ಕಟ್ಟಡದಲ್ಲಿ ಈಗ ಅವನೊಬ್ಬ, ಗೇಟಿನಲ್ಲಿ ಕಾವಲುಗಾರನೊಬ್ಬ. ಜನ ಬೇಡವೆಂದು ವಾಪಸು ಕೊಟ್ಟ ಫೋನುಗಳು ಹಿತ್ತಲಲ್ಲಿ ಗೋಣಿಚೀಲ ತುಂಬಿ ಬಿದ್ದಿದ್ದವು. ಬಿಚ್ಚಿಹಾಕಿದ ಯಂತ್ರಗಳ ಹಸಿರು ಹಲಗೆಗಳು, ಕೇಬಲ್ ಸುರುಳಿಗಳು ಹರಾಜಿಗೆ ಕಾಯುತ್ತಾ ಮೂರು ಮಳೆಗಾಲ ನೆನೆದಿದ್ದವು. ಮನೆಯಲ್ಲೂ ಅವನೊಬ್ಬನೇ. ಹೆಂಡತಿ ತೀರಿಕೊಂಡ ಮೇಲೆ ಅವನ ಪಾಲಿನ ಮಾತುಕತೆಯೆಂದರೆ ಹೀಗೆ ದೂರು ಹೇಳುವವರ ಜೊತೆಗಿನದು. ಅವರೂ ಒಬ್ಬೊಬ್ಬರಾಗಿ ಮೊಬೈಲು ಹಿಡಿದು ಕಳಚಿಕೊಂಡಿದ್ದರು.

ಟೀಚರಮ್ಮ ಪಕ್ಕದ ಮನೆಯವರ ಮೊಬೈಲಿನಿಂದ ದೂರು ಹೇಳಿಸಿದ್ದರು. ಅವನು ಹೋಗುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ಮೊಬೈಲು ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುವುದನ್ನು ಅವನೂ ಹೇಳಿದ. ಅವರು ಬೇಡವೆಂದು ತಲೆಯಾಡಿಸಿದರು. ಅವರ ತಮ್ಮ ಜಗಳವಾಡಿಕೊಂಡು ಮನೆ ಬಿಟ್ಟು ಇಪ್ಪತ್ತಾರು ವರ್ಷವಾಗಿತ್ತು. ಆ ಜಗಳದಲ್ಲಿ ಅವನನ್ನು ಹೊರಗೆ ಹೋಗು ಎಂದವರು ಟೀಚರಮ್ಮನೇ. ಅವನಿಗೆ ಬಾಯಿಪಾಠ ಇದ್ದದ್ದು ಈ ಒಂದು ನಂಬರ್.

“ಫೋನ್ ಮಾಡ್ತಾನೆ ಅಂತೇನಲ್ಲಪ್ಪಾ,” ಎಂದರು. “ಮಾಡಿದ್ರೆ ಗಂಟೆ ಹೊಡೀಲಿ, ಅಷ್ಟೆ.”

ಫೋನು ಸರಿಯಿತ್ತು. ಕಂಬದ ಡಬ್ಬಿಯೂ ಸರಿಯಿತ್ತು. ಬೀದಿಯ ತಿರುವಿನಲ್ಲಿ ಕೇಬಲ್ ಗುಂಡಿಯ ಮುಚ್ಚಳ ಎತ್ತಿದಾಗ ವಿಷಯ ಗೊತ್ತಾಯಿತು. ಆ ಗುಂಡಿಯಿಂದ ಮುಂದಿನ ಗುಂಡಿಯವರೆಗೆ ಅರವತ್ತು ಮೀಟರು ಕೇಬಲ್ಲೇ ಇರಲಿಲ್ಲ. ಎರಡು ಬೆರಳಷ್ಟು ದಪ್ಪದ್ದು, ನೂರು ಜೋಡಿ ತಾಮ್ರದ ತಂತಿಯದ್ದು, ನೆಲದೊಳಗಿನ ಕೊಳವೆಯಿಂದ ಯಾರೋ ಎಳೆದುಕೊಂಡು ಹೋಗಿದ್ದರು.

ತಾಮ್ರದ ಕಳ್ಳತನ ಅವನಿಗೆ ಹೊಸದಲ್ಲ. ಆದರೆ ಕಳ್ಳರು ಕೊಡಲಿಯಲ್ಲಿ ಕಚ್ಚುಹಾಕಿ, ಗಾಡಿಗೆ ಕಟ್ಟಿ ಕಿತ್ತುಕೊಂಡು ಹೋಗುತ್ತಾರೆ. ಇಲ್ಲಿ ಉಳಿದ ತುದಿಯನ್ನು ಗರಗಸದಿಂದ ನೆಟ್ಟಗೆ ಕೊಯ್ಯಲಾಗಿತ್ತು. ಅಷ್ಟೇ ಅಲ್ಲ, ನೀರು ಹೋಗದಂತೆ ಆ ಬಾಯಿಗೆ ರಬ್ಬರ್ ಪಟ್ಟಿ ಸುತ್ತಿ, ಮೇಲೆ ಮೂರು ಸುತ್ತು ಹುರಿ ಬಿಗಿದು, ಒಳಮಗ್ಗುಲಿಗೆ ಗಂಟು ಹಾಕಲಾಗಿತ್ತು. ಕದ್ದವನು ಬಿಟ್ಟುಹೋದದ್ದು ಕೆಡಬಾರದೆಂದು ಕಾಳಜಿ ವಹಿಸಿದ್ದ.

ಲೈನ್‌ಮನ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಆ ಗಂಟು ಹಾಕುವವನು ಊರಿನಲ್ಲಿ ಒಬ್ಬನೇ. ಕೇಬಲ್ ಬೆಸೆಯುವ ಕೆಲಸದವನು. ಅವನನ್ನು ಗಂಟಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದರು. ಹದಿನೆಂಟು ವರ್ಷ ಇಬ್ಬರೂ ಒಂದೇ ಗುಂಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಕೆಲಸ ಮಾಡಿದ್ದರು. ಲೈನ್‌ಮನ್ ಕಾಯಂ ನೌಕರ, ಗಂಟಣ್ಣ ಗುತ್ತಿಗೆಯವನು. ಒಂದು ಸೋಮವಾರ ಸಾಹೇಬರು ಗಂಟಣ್ಣನನ್ನು ಕರೆದು ನಾಳೆಯಿಂದ ಬರಬೇಡ ಎಂದಾಗ ಲೈನ್‌ಮನ್ ಅದೇ ಕೋಣೆಯಲ್ಲಿದ್ದ. ತುಟಿಪಿಟಕ್ ಎನ್ನಲಿಲ್ಲ. ಆಮೇಲೆ ನಾಲ್ಕು ವರ್ಷ ಅವನ ಮನೆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಸಾಹೇಬರಿಗೆ ಫೋನು ಮಾಡಿದ. ಒಂದು ಮನೆಗೋಸ್ಕರ ಹೊಸ ಕೇಬಲ್ ಹಾಕುವುದುಂಟೇ, ಕಳುವಿನ ವರದಿ ಬರೆದು ಕೈತೊಳೆದುಕೋ ಎಂದರು.

ಲೈನ್‌ಮನ್ ಸ್ಕೂಟರು ಹತ್ತಿ ಗಂಟಣ್ಣನ ಮನೆಗೆ ಹೋದ. ಟಯರ್ ಅಂಗಡಿಯ ಹಿಂದಿನ ಒಂದೇ ಕೋಣೆ. ಹೆಂಡತಿ ಮಗಳ ಮನೆ ಸೇರಿ ವರ್ಷಗಳಾಗಿದ್ದವಂತೆ. ಗಂಟಣ್ಣ ಬಾಗಿಲ ಬಳಿ ಚಾಪೆ ಹಾಕಿಕೊಂಡು, ಚಾಕುವಿನಲ್ಲಿ ಕೇಬಲ್ಲಿನ ಕಪ್ಪು ತೊಗಟೆ ಸುಲಿಯುತ್ತಿದ್ದ. ಇವನನ್ನು ಕಂಡು ಬಚ್ಚಿಡಲು ಹೋಗಲಿಲ್ಲ. ಚಾಪೆಯ ಮೇಲೆ ಒಂದಿಷ್ಟು ಜಾಗ ಸರಿದು ಕೊಟ್ಟ.

ಲೈನ್‌ಮನ್ ಕುಳಿತು, ಸುಲಿದ ತೊಗಟೆಯ ಒಂದು ತುಂಡನ್ನು ಕೈಗೆತ್ತಿಕೊಂಡ. ಆಮೇಲೆ ಹೇಳಿದ:

“ಅದರಲ್ಲಿ ಒಂದು ಲೈನ್ ಜೀವಂತ ಇತ್ತಣ್ಣ.”

“ಗೊತ್ತು,” ಎಂದ ಗಂಟಣ್ಣ. “ಕೊಯ್ಯೋ ಮುಂಚೆ ಒಂದೊಂದೇ ಜೋಡಿಗೆ ಟೆಸ್ಟ್ ಫೋನ್ ಸಿಕ್ಕಿಸಿ ಕೇಳ್ದೆ. ತೊಂಬತ್ತೊಂಬತ್ತು ಸತ್ತಿದ್ವು. ಒಂದರಲ್ಲಿ ಡಯಲ್ ಟೋನ್ ಬಂತು. ಸ್ವಲ್ಪ ಹೊತ್ತು ಕೇಳ್ತಾ ಕೂತಿದ್ದೆ. ಆಮೇಲೆ ಕೊಯ್ದೆ.”

ಗಂಟಣ್ಣ ಸುಲಿಯುವುದನ್ನು ನಿಲ್ಲಿಸದೆಯೇ ಮುಂದುವರಿಸಿದ.

“ಪೊಲೀಸರನ್ನ ಕರ್ಕೊಂಡು ಬರ್ತೀಯ ಅಂದ್ಕೊಂಡಿದ್ದೆ. ಅವತ್ತು ಸಾಹೇಬರ ಕೋಣೇಲಿ ನೀನು ಬಾಯಿ ಬಿಡ್ಲಿಲ್ಲ. ಇವತ್ತು ಬಿಡಬಹುದು, ತಪ್ಪಿಲ್ಲ.”

“ಅವತ್ತು ಹೆದರಿದ್ದೆ,” ಎಂದ ಲೈನ್‌ಮನ್. ಈ ಮಾತನ್ನು ಅವನು ಹೆಂಡತಿಯ ಬಳಿಯೂ ಆಡಿರಲಿಲ್ಲ.

ಗಂಟಣ್ಣನ ಚಾಕು ನಿಂತಿತು. ಯಾರ ಮನೆ ಲೈನು ಎಂದು ಕೇಳಿದ. ಹಳದಿ ಗೇಟಿನ ಟೀಚರಮ್ಮನದು ಎಂದು ಗೊತ್ತಾದಾಗ ಚಾಕುವನ್ನು ಮಡಿಚಿಟ್ಟ. ಬೇಸಿಗೆಯಲ್ಲಿ ಗುಂಡಿಯಿಂದ ಎದ್ದು ಬಂದಾಗಲೆಲ್ಲ ತಂಬಿಗೆ ತುಂಬ ತಣ್ಣೀರು ಕೊಟ್ಟವರು ಅವರು. ಲೈನ್‌ಮನ್ ಅವರ ತಮ್ಮನ ಕಥೆ ಹೇಳಿದ. ಗಂಟಣ್ಣ ಕೇಳಿಸಿಕೊಂಡು, ಸುಲಿದ ಕೇಬಲ್ ಮತ್ತೆ ಕೂಡದು, ಒಂದು ಜೋಡಿ ತಂತಿ ತಂದರೆ ನಾಳೆ ಬೆಸೆದುಕೊಡುತ್ತೇನೆ ಎಂದ.

ಮರುದಿನ ಬೆಳಿಗ್ಗೆ ಲೈನ್‌ಮನ್ ಎಕ್ಸ್‌ಚೇಂಜಿನ ಹಿತ್ತಲಿಗೆ ಹೋಗಿ, ಹರಾಜಿನ ರಾಶಿಯಿಂದ ಎಪ್ಪತ್ತು ಮೀಟರು ಜೋಡಿತಂತಿ ಅಳೆದು, ಸುರುಳಿ ಸುತ್ತಿ ಚೀಲಕ್ಕೆ ತುರುಕಿದ. ಆ ರಾಶಿಯಿಂದ ಒಂದು ಮೊಳೆ ಎತ್ತಲೂ ಅವನಿಗೆ ಅಧಿಕಾರವಿರಲಿಲ್ಲ. ಗೇಟು ದಾಟುವಾಗ ಚೀಲವನ್ನು ಆಚೆ ಮಗ್ಗುಲಿಗೆ ಬದಲಾಯಿಸಿಕೊಂಡ. ಕಾವಲುಗಾರ ಮೊಬೈಲಿನಿಂದ ತಲೆಯೆತ್ತಲೇ ಇಲ್ಲ.

ಗುಂಡಿಯ ಬಳಿ ಗಂಟಣ್ಣ ತನ್ನ ಹಳೆಯ ಚೀಲದೊಂದಿಗೆ ಕಾಯುತ್ತಿದ್ದ. ತಂತಿ ಎಲ್ಲಿಂದ ಬಂತೆಂದು ಕೇಳಿ, ನಾಲ್ಕು ವರ್ಷದ ಮೇಲೆ ಮೊದಲ ಸಲ ಇವನ ಮುಖ ನೋಡಿ ನಕ್ಕ.

“ಹಾಗಾದ್ರೆ ಇಬ್ರೂ ಒಂದೇ ದಂಧೆ ಅನ್ನು.”

ಕೊಳವೆಯೊಳಗೆ ತಂತಿ ನುಗ್ಗಿಸುವುದು ಇವನ ಕೆಲಸ, ಆ ತುದಿಯಲ್ಲಿ ಹಿಡಿಯುವುದು ಅವನದು. ಇನ್ನೂ, ಸಾಕು, ಎಳಿ ಎಂಬ ಮೂರು ಮಾತು ಬಿಟ್ಟು ಬೇರೆ ಬೇಕಾಗಲಿಲ್ಲ. ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಗಂಟಣ್ಣ ಕನ್ನಡಕ ಏರಿಸಿಕೊಂಡು, ನೂರು ಜೋಡಿಯಲ್ಲಿ ಆ ಒಂದನ್ನು ಹುಡುಕಿ, ಕೂದಲೆಳೆಯಂಥ ತಾಮ್ರವನ್ನು ಬೆರಳ ತುದಿಯಲ್ಲಿ ಹೊಸೆದ. ಪರೀಕ್ಷೆಯ ಫೋನನ್ನು ಕಿವಿಗಿಟ್ಟು ಒಂದು ಕ್ಷಣ ಕೇಳಿ, ಲೈನ್‌ಮನ್ ಕೈಗೆ ಕೊಟ್ಟ. ಡಯಲ್ ಟೋನ್ ಬಂದಿತ್ತು.

ಟೀಚರಮ್ಮನ ಮನೆಗೆ ಹೋಗೋಣ ಬಾ ಎಂದು ಲೈನ್‌ಮನ್ ಕರೆದ. ಗಂಟಣ್ಣ ಬರಲಿಲ್ಲ. ಅವರ ಕೈಯಿಂದ ಇನ್ನು ನೀರು ಕುಡಿಯಲು ತನಗೆ ಮುಖವಿಲ್ಲ ಎಂದ. ಚೀಲವನ್ನು ಹೆಗಲಿಗೇರಿಸಿ ಬೀದಿಯ ಕೊನೆಯವರೆಗೆ ನಡೆದು ಹೋದ, ತಿರುಗಿ ನೋಡಲಿಲ್ಲ.

ಕಳುವಿನ ವರದಿಯಲ್ಲಿ “ಯಾರ ಮೇಲಾದರೂ ಅನುಮಾನವಿದೆಯೇ” ಎಂಬ ಸಾಲಿನ ಮುಂದೆ ಲೈನ್‌ಮನ್ “ಇಲ್ಲ” ಎಂದು ಬರೆದ. ಎರಡು ವಾರ ಬಿಟ್ಟು ಟೀಚರಮ್ಮನನ್ನು ವಿಚಾರಿಸಿದ. ಒಂದೇ ಒಂದು ಕರೆ ಬಂದಿತ್ತಂತೆ, ಯಾವುದೋ ಬಟ್ಟೆ ಹೊಲಿಯುವ ಅಂಗಡಿಗೆ ಹೋಗಬೇಕಾದದ್ದು. ತಪ್ಪು ನಂಬರ್ ಎಂದು ಕೂಡಲೇ ಇಡಲು ಮನಸ್ಸಾಗದೆ, ಯಾವ ಬಟ್ಟೆ, ಯಾರಿಗೆ ಎಂದೆಲ್ಲ ಕೇಳಿದರಂತೆ. ಹೇಳುತ್ತಾ ಅವರೇ ನಕ್ಕರು.

ಆ ಸಂಜೆ ಲೈನ್‌ಮನ್ ಇದನ್ನು ಗಂಟಣ್ಣನಿಗೆ ಹೇಳೋಣವೆಂದು ಹೊರಟ. ದಾರಿಯಲ್ಲಿ ಬಾಳೆಹಣ್ಣು ಕೊಂಡ. ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಟಯರ್ ಅಂಗಡಿಯವನು ಹೇಳಿದ ಪ್ರಕಾರ ಗಂಟಣ್ಣ ಹೋದ ವಾರವೇ ಕೋಣೆ ಖಾಲಿ ಮಾಡಿದ್ದ. ಮಗಳ ಊರಿಗೋ, ಬೇರೆಲ್ಲಿಗೋ, ಸರಿಯಾಗಿ ಹೇಳಿರಲಿಲ್ಲ.

“ನಂಬರ್ ಏನಾದ್ರೂ ಕೊಟ್ಟಿದ್ದಾನಾ?” ಎಂದು ಲೈನ್‌ಮನ್ ಕೇಳಿದ.

“ಅವನ ಹತ್ರ ಫೋನ್ ಎಲ್ಲಿತ್ತು?”

ಲೈನ್‌ಮನ್ ಹಣ್ಣುಗಳನ್ನು ಅಂಗಡಿಯವನಿಗೆ ಕೊಡಲು ಹೋದ. ಅವನು ಒಂದನ್ನು ಮಾತ್ರ ತೆಗೆದುಕೊಂಡ. ಉಳಿದವನ್ನು ಸ್ಕೂಟರಿಗೆ ನೇತುಹಾಕಿಕೊಂಡು ಲೈನ್‌ಮನ್ ಮನೆಯ ದಾರಿ ಹಿಡಿದ.