ಅರವತ್ತನಾಲ್ಕು ಜೊತೆ ಗ್ಲೌಸು

"ಏಯ್ ಚೀಲ! ಆ ಕಡೆ ನಿಂತ್ಕೋ. ಇದು ದುಡ್ಡು ಕಟ್ಟೋರ ಸಾಲು."

ಗಾಜಿನ ಹಿಂದಿನಿಂದ ಕ್ಯಾಷಿಯರು ಕೂಗಿದ. ಆಸ್ಪತ್ರೆಯಲ್ಲಿ ಅವಳಿಗೆ ಅದೇ ಹೆಸರು. ವಾರ್ಡುಗಳ ಕಸದ ಚೀಲ ಕಟ್ಟಿ, ತೂಕ ಬರೆದು, ಚೀಟಿ ಅಂಟಿಸಿ, ಹಿತ್ತಲ ಶೆಡ್ಡಿಗೆ ಹೊರುವವಳು. ಏಳು ವರ್ಷ ಚೀಲ ಹೊತ್ತು ತಾನೇ ಚೀಲವಾಗಿದ್ದಳು.

"ನಾನೂ ಕಟ್ಟೋಳೇ ಸಾರ್. ನಾಲ್ಕನೇ ವಾರ್ಡು. ನಮ್ಮತ್ತೆ."

"ಓಹೋಹೋ, ರೋಗಿ ಕಡೆಯವರು! ಬನ್ನಿ ಮೇಡಂ, ಕುರ್ಚಿ ಹಾಕಿಸ್ಲಾ?"

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಅವನು ಒಂದು ಕಾಗದ ಹೊರಗೆ ತಳ್ಳಿದ. ಮೇಲೆ ಹೂಗುಚ್ಛದ ಚಿತ್ರ, 'ಬೇಗ ಗುಣಮುಖರಾಗಿ' ಎಂಬ ಹಾರೈಕೆ, ಕೆಳಗೆ ಒಂದೇ ಒಂದು ಮೊತ್ತ. ಅವಳ ಹನ್ನೊಂದು ತಿಂಗಳ ಸಂಬಳ.

"ಯಾವುದಕ್ಕೆ ಎಷ್ಟು ಅಂತ ಇಲ್ವಲ್ಲ ಸಾರ್?"

"ಗೊತ್ತಾದ್ರೆ ಕಡಿಮೆ ಆಗುತ್ತೇನೇ?"

"ವಿವರವಾದ ಬಿಲ್ಲು ರೋಗಿಯ ಹಕ್ಕು. ಐದನೇದು."

ಕ್ಯಾಷಿಯರು ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದ.

ಹಾಲಿನ ಮೂಲೆಯಲ್ಲಿ ರೋಗಿಯ ಹಕ್ಕುಗಳ ಫಲಕವಿತ್ತು. ಹಾಕಲೇಬೇಕೆಂಬ ಕಾನೂನಿದ್ದುದರಿಂದ ಹಾಕಿದ್ದರು, ಓದಲೇಬೇಕೆಂಬ ಕಾನೂನಿಲ್ಲದ್ದರಿಂದ ಅದರ ಮುಂದೆ ಆಳೆತ್ತರದ ಗಿಡದ ಕುಂಡ ಇಟ್ಟಿದ್ದರು. ಗಿಡದ ಹಿಂದೆ ತೂರಿ ಆ ಹಕ್ಕುಗಳ ಧೂಳು ಒರೆಸುವುದು ದಿನಾ ಬೆಳಿಗ್ಗೆ ಅವಳ ಕರ್ತವ್ಯ. ಏಳನೇ ಕ್ಲಾಸು ಓದಿದ ಕಣ್ಣು ಒರೆಸುವಾಗ ಸುಮ್ಮನಿರುತ್ತದೆಯೇ? ಹದಿನಾಲ್ಕೂ ಬಾಯಿಪಾಠವಾಗಿದ್ದವು.

"ಮ್ಯಾನೇಜರ್ ಹತ್ರ ಹೋಗು. ನೆಕ್ಸ್ಟ್!"

ದಾರಿಯಲ್ಲಿ ವಾರ್ಡಿಗೆ ಇಣುಕಿದಳು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅತ್ತೆಯ ಮೇಲೆ ಕುದಿಯುವ ನೀರಿನ ಹಂಡೆ ಮಗುಚಿ ಮೊಣಕಾಲಿನಿಂದ ಪಾದದವರೆಗೆ ಬೆಂದಿತ್ತು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಎಂಟಕ್ಕೆ ಬಂದು, ನಲವತ್ತೊಂದನೇ ಟೋಕನ್ ಹಿಡಿದು, ಸಂಜೆ ಐದರವರೆಗೆ ಕಾದಿದ್ದರು. ಕಾರಿನಲ್ಲಿ ಬಂದವರ ನೆಗಡಿಗಳೆಲ್ಲ ಟೋಕನ್ನಿಲ್ಲದೆ ಒಳಗೆ ಹೋಗಿ ಹೊರಗೆ ಬಂದಿದ್ದವು. ಆಮೇಲೆ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದ್ದರು. ಅದೂ ಒಂದೇ ಸಲ.

ಈಗ ಅತ್ತೆ, ಹಿಂಬದಿ ತೆರೆದ ಆಸ್ಪತ್ರೆಯ ಅಂಗಿಯಲ್ಲಿ ಕೂತು, ನರ್ಸಮ್ಮನಿಗೆ ಆ ಡಾಕ್ಟರನ್ನೇ ಆಡಿ ತೋರಿಸುತ್ತಿದ್ದಳು. ಗದ್ದ ಎತ್ತಿ, ಅಂಗೈಯನ್ನೇ ಮೊಬೈಲು ಮಾಡಿಕೊಂಡು, ಮೂಗಿನಲ್ಲಿ: "ಹ್ಞೂಂ... ಉರೀತಿದ್ಯಾ? ಉರೀಬೇಕು. ಗುಡ್. ನೆಕ್ಸ್ಟ್."

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಏನಂದ ಆ ಬಡ್ಡೀಮಗ? ನನ್ ಬಟ್ಟೆ ಕೊಡ್ತಾನಂತಾ?" ಎಂದಳು ಅತ್ತೆ. ಬಿಲ್ಲು ಕಟ್ಟುವವರೆಗೂ ಬಟ್ಟೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಮ್ಯಾನೇಜರನ ಬಳಿ. "ಈ ಅಂಗೀಲೇ ಓಡೋಗ್ತೀನಿ ನೋಡು. ಊರಿಗೆಲ್ಲ ಹಿಂಬಾಗಿಲ ದರ್ಶನ!"

"ಸ್ವಲ್ಪ ತಡೀರಿ ಅತ್ತೆ."

ಮ್ಯಾನೇಜರನ ಮಾತು ಸಕ್ಕರೆ ಪಾಕ. "ವಿವರ ತಾನೇ? ಕೊಡೋಣಮ್ಮ. ಪಾರದರ್ಶಕತೆ ನಮ್ಮ ಉಸಿರು." ಮೂರು ಹಾಳೆ ತೆಗೆದು ಕೊಟ್ಟ. ಓದಲಾರಳೆಂಬ ಧೈರ್ಯ.

ಅವಳು ಬೆರಳಿಟ್ಟು ಓದಿದಳು. "ತಜ್ಞರ ಭೇಟಿ ಒಂಬತ್ತು. ಒಂದ್ಸಲ ಬಂದ್ರಲ್ಲ ಸಾರ್?"

"ಫೋನಲ್ಲಿ ವಿಚಾರಿಸಿರ್ತಾರೆ."

"ಕಾಯುವ ಸೌಲಭ್ಯ, ಒಂಬತ್ತು ಗಂಟೆ. ಕಾದಿದ್ದಕ್ಕೂ ನಾವೇ ಕೊಡ್ಬೇಕಾ?"

"ಕೂರೋಕೆ ಜಾಗ ಕೊಟ್ಟಿದ್ವಲ್ಲಮ್ಮ."

"ನಿಂತಿದ್ವಿ ಸಾರ್."

"ನೆಲ ಇತ್ತಲ್ಲ?"

ಅವಳು ಹಾಳೆ ತಿರುಗಿಸಿದಳು. "ಗ್ಲೌಸು ಅರವತ್ತನಾಲ್ಕು ಜೊತೆ."

"ಸುಟ್ಟ ಗಾಯ. ಮುಟ್ಟಿದಾಗಲೆಲ್ಲ ಹೊಸ ಗ್ಲೌಸು ಬೇಕು. ನಿನಗೇನು ಗೊತ್ತು?"

ನಿನಗೇನು ಗೊತ್ತು ಎಂದು ಅವನು ಕೇಳಿದ್ದು, ಆ ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಒಂದೊಂದು ಗ್ಲೌಸನ್ನೂ ಆರಿಸಿ ಕೆಂಪು ಚೀಲಕ್ಕೆ ತುಂಬುವವಳನ್ನು.

ಅವನು ಇನ್ನೊಂದು ಕಾಗದ ಮುಂದಿಟ್ಟ. "ದುಡ್ಡಿಲ್ಲ ಅಂತ ಗೊತ್ತಮ್ಮ. ನಾವೇನು ರಾಕ್ಷಸರಾ? ಹನ್ನೊಂದು ತಿಂಗಳ ಸಂಬಳ ಹಿಡ್ಕೋತೀವಿ. ಕೆಲಸ ಬಿಡೋ ಹಾಗಿಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು, ನಿಮ್ಮತ್ತೇನ ಕಳಿಸ್ತೀನಿ."

"ನಂಗೆ ಸಹಿ ಬರುತ್ತೆ."

"ಒಳ್ಳೇದಾಯ್ತು, ಹಾಕು."

"ಹಾಕಲ್ಲ. ಬಿಲ್ಲಿಗೋಸ್ಕರ ರೋಗೀನ ಹಿಡಿದಿಡೋ ಹಾಗಿಲ್ಲ. ಒಂಬತ್ತನೇದು."

ಪಾಕ ಗಟ್ಟಿಯಾಯಿತು. "ಆ ಗಿಡ ಇನ್ನೊಂಚೂರು ದೊಡ್ಡದು ತರಿಸ್ಬೇಕಿತ್ತು. ನೋಡೇ, ಸಂಜೆ ಒಳಗೆ ಸಹಿ ಹಾಕು. ಇಲ್ಲಾಂದ್ರೆ ಹಾಸಿಗೆ ಬಾಡಿಗೆ ಓಡ್ತಾ ಇರುತ್ತೆ, ನಿನ್ನ ಕೆಲಸಾನೂ ಓಡ್ಹೋಗುತ್ತೆ."

ಅವಳು ಮೂರು ಹಾಳೆ ಮಡಚಿಕೊಂಡು ನೇರ ಶೆಡ್ಡಿಗೆ ಹೋದಳು. ಕಸದ ಲಾರಿ ವಾರದಿಂದ ಬಂದಿರಲಿಲ್ಲ. ಬಾಕಿ ಚುಕ್ತಾ ಮಾಡದೆ ಚಕ್ರ ಉರುಳದು ಎಂದು ಲಾರಿಯವನ ಹಟ. ನಾಲ್ಕನೇ ವಾರ್ಡಿನಲ್ಲಿ ಎರಡೇ ಹಾಸಿಗೆ, ಇನ್ನೊಂದು ಖಾಲಿ. ಹಾಗಾಗಿ ಆ ವಾರ್ಡಿನ ನಾಲ್ಕು ದಿನದ ನಾಲ್ಕು ಕೆಂಪು ಚೀಲದಲ್ಲಿ ಅತ್ತೆಯದು ಬಿಟ್ಟರೆ ಬೇರೆ ಯಾರದೂ ಇರಲಿಲ್ಲ. ಸೂಜಿಗಳಿಗೆ ಬೇರೆ ಡಬ್ಬ. ಚೀಟಿಯ ಮೇಲೆ ಅವಳದೇ ಅಕ್ಷರ: ವಾರ್ಡು, ತಾರೀಕು, ತೂಕ. ಒಂದು ಚೀಲವೂ ಅರ್ಧ ಕಿಲೋ ದಾಟಿರಲಿಲ್ಲ. ವರ್ಷಕ್ಕೊಂದು ಜೊತೆಯೆಂದು ತನಗೆ ಕೊಟ್ಟಿದ್ದ, ಹೆಬ್ಬೆರಳಿಗೆ ಪ್ಲಾಸ್ಟರು ಸುತ್ತಿದ್ದ ಗ್ಲೌಸು ಹಾಕಿಕೊಂಡು ನಾಲ್ಕನ್ನೂ ಹೊತ್ತಳು.

ಹಾಲಿನಲ್ಲಿ ಸಾಲು ಬಾಗಿಲವರೆಗೆ ಬೆಳೆದಿತ್ತು. ಚೀಲ ನೋಡಿ ಜನ ತಾವೇ ದಾರಿ ಬಿಟ್ಟರು. ಕೌಂಟರಿನ ಮೇಲೆ ಮೊದಲು ಪ್ಲಾಸ್ಟಿಕ್ ಹಾಸಿದಳು. ಕೆಲಸದಲ್ಲಿ ಅವಳು ಅಚ್ಚುಕಟ್ಟು. ಆಮೇಲೆ ಒಂದೊಂದೇ ಚೀಲ ಬಿಚ್ಚಿ ಸುರಿದಳು.

"ಅಯ್ಯಯ್ಯೋ! ಹುಚ್ಚು ಹಿಡೀತೇನೇ ನಿಂಗೆ? ಥೂ, ತೆಗೀ, ತೆಗೀ!" ಕ್ಯಾಷಿಯರು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡ.

"ನಿಮ್ಮದೇ ಮಾಲು ಸಾರ್. ಬಿಲ್ಲಲ್ಲಿದೆ. ಎಣಿಸಿ ತಗೊಳ್ಳಿ."

ಅವನು ಎಣಿಸಲಿಲ್ಲ. ಅವಳೇ ಜೋಡಿಸುತ್ತ ಹೋದಳು. ಒಂದು, ಎರಡು. ಐದಕ್ಕೆ ಹಿಂದಿನಿಂದ ಯಾರೋ ದನಿ ಕೂಡಿಸಿದರು. ಎಂಟಕ್ಕೆ ಅರ್ಧ ಸಾಲು ಎಣಿಸುತ್ತಿತ್ತು. ಹನ್ನೊಂದಕ್ಕೆ ಗ್ಲೌಸು ಮುಗಿದವು, ಜನ ಮಾತ್ರ ಅಭ್ಯಾಸಬಲದಿಂದ ಹನ್ನೆರಡು ಎಂದರು.

"ಇನ್ನೈವತ್ತಮೂರು ಜೊತೆ ಎಲ್ಲಿ ಸಾರ್? ನೀವೇನಾದ್ರೂ ಹಾಕ್ಕೊಂಡಿದ್ದೀರಾ?"

ಮ್ಯಾನೇಜರು ಓಡಿ ಬಂದ. "ಪೊಲೀಸರನ್ನ ಕರೀತೀನಿ!"

"ಕರೀರಿ. ಅವರೂ ಒಂದ್ಸಲ ಎಣಿಸ್ಲಿ. ಬರುವಾಗ ಬೀರು ಬೀಗದ ಕೈನೂ ತನ್ನಿ."

ಆಗ ಸಾಲಿನಿಂದ ಒಬ್ಬ ಮುದುಕ ಮುಂದೆ ಬಂದ. ಮೊದಲು ನಕ್ಕ ಇಬ್ಬರಲ್ಲಿ ಒಬ್ಬ. ಹೂಗುಚ್ಛದ ಬಿಲ್ಲನ್ನು ಅವಳ ಮುಂದೆ ಬಿಡಿಸಿ ಹಿಡಿದ.

"ಮಗಳೇ, ನನ್ನ ಹೆಂಡ್ತಿ ಏಳನೇ ವಾರ್ಡಲ್ಲಿದ್ಲು. ಮೊನ್ನೆ ತೀರ್ಕೊಂಡ್ಲು. ಬಿಲ್ಲು ಕಟ್ಟಿಲ್ಲ ಅಂತ ಹೆಣಾನ ಇನ್ನೂ ಕೊಟ್ಟಿಲ್ಲ. ಆ ವಾರ್ಡಿನ ಚೀಲ ಇದ್ಯಾ?"

ಅವನ ಹಿಂದೆ ಇನ್ನಷ್ಟು ಕೈಗಳು ಬಿಲ್ಲು ಬಿಡಿಸುತ್ತಿದ್ದವು.

"ಇದೆ ಅಜ್ಜ," ಎಂದಳು ಅವಳು. "ಭಾರ ಇದೆ. ಯಾರಾದ್ರೂ ಇಬ್ಬರು ಬನ್ನಿ."

ಸಾಲು ಕೌಂಟರಿಗೆ ಬೆನ್ನು ಹಾಕಿ ಶೆಡ್ಡಿನ ಕಡೆ ಹೊರಟಿತು.