ಗುರುಬಸವ್ವನ ಫೋಲ್ಡರ್

ನಾನು ಒಂದು ಹಳೆಯ ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ ನನ್ನನ್ನು ಕಟ್ಟಿದರು. ಗದಗದ ಟೈಪಿಂಗ್ ಕ್ಲಾಸಿನಲ್ಲಿ ಎಂಟು ವರ್ಷ ದುಡಿದೆ. ಎಷ್ಟು ಹುಡುಗಿಯರ ಬೆರಳು ನನ್ನ ಮೇಲೆ ಅಕ್ಷರ ಕಲಿತವೋ ಲೆಕ್ಕವಿಲ್ಲ. ಕ್ಲಾಸು ಮುಚ್ಚಿದಾಗ ಅಲ್ಲಿ ಕಲಿಸುತ್ತಿದ್ದ ಸುಮಂಗಲಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ತಂದಳು.

ಅವಳು ನನಗೆ ದೊಡ್ಡ ಡಿಸ್ಕ್ ಹಾಕಿಸಿ, ವೈಫೈಗೆ ಜೋಡಿಸಿ, ಪಡಸಾಲೆಯ ಮೂಲೆಯಲ್ಲಿಟ್ಟಳು. ಮನೆಯವರ ಫೋಟೊ, ಕಾಗದಪತ್ರ, ಹಾಡು ಎಲ್ಲವೂ ನನ್ನೊಳಗೆ ಬಂದವು. ಯಾರು ಬೇಕಾದರೂ ತಮ್ಮ ಫೋನಿನಿಂದ ತೆರೆಯಬಹುದಿತ್ತು. ಆಗ ನನಗೆ ಬೀಗವೆಂಬುದೇ ಗೊತ್ತಿರಲಿಲ್ಲ.

ಸುಮಂಗಲಾಳ ಅತ್ತೆ ಗುರುಬಸವ್ವನವರಿಗೆ ನೂರಾರು ಬೀಸುವ ಪದ ಬಾಯಿಗೆ ಬರುತ್ತಿದ್ದವು. ಮಧ್ಯಾಹ್ನ ಜೋಳ ಹಸನು ಮಾಡುತ್ತ ಹಾಡುತ್ತಿದ್ದರು. ಸೊಸೆ ಫೋನಿನಲ್ಲಿ ಹಿಡಿದು ನನ್ನಲ್ಲಿ ಇಡುತ್ತಿದ್ದಳು. ಎಂಥ ದಿನಗಳವು! ಒಮ್ಮೆ ಸುಮಂಗಲಾಳ ಗಂಡ ಮಹಾಂತೇಶ ಗೆಳೆಯನ ಮದುವೆಯ ವಿಡಿಯೊಗೆ ಜಾಗ ಮಾಡಲು ಹೋಗಿ ಹನ್ನೊಂದು ಪದ ಅಳಿಸಿಬಿಟ್ಟ. ಗುರುಬಸವ್ವ ಮತ್ತೆ ಹಾಡಲು ಕೂತರು. ಏಳು ಬಂದವು. ಉಳಿದ ನಾಲ್ಕು ಏನು ಮಾಡಿದರೂ ನೆನಪಾಗಲಿಲ್ಲ.

ಅಂದೇ ಸುಮಂಗಲಾ ಮನೆಯ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಮಾಡಿದಳು. ಪದಗಳನ್ನು ಎಲ್ಲರೂ ಕೇಳಬಹುದು; ಸೇರಿಸುವ, ಅಳಿಸುವ ಅನುಮತಿ ಅವಳೊಬ್ಬಳಿಗೇ.

"ಮತ್ತ ನನಗ?" ಎಂದರು ಗುರುಬಸವ್ವ.

"ನೀವೂ ಕೇಳಬಹುದ್ರಿ, ಅತ್ತಿ."

"ಹಾಡಿದಾಕಿ ನಾನು. ಬರೇ ಕೇಳಿ ಹೋಗಾಕ ನಾನೇನ ಬಾಜೂ ಮನಿಯಾಕೇನ?"

ಮರುದಿನ ಸುಮಂಗಲಾ ಅತ್ತೆಯ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡಿ, "ಇದಕ್ಕ ನೀವ ಯಜಮಾನ್ತಿ. ನಾನೂ ತೆರಿಯಾಂಗಿಲ್ಲ" ಎಂದಳು. ಗುರುಬಸವ್ವ ಒಂದೊಂದೇ ಕೀಲಿ ಹುಡುಕಿ ಪಾಸ್‌ವರ್ಡ್ ಒತ್ತುವಷ್ಟು ಹೊತ್ತೂ ಸೊಸೆ ಗೋಡೆಯತ್ತ ಮುಖ ಮಾಡಿ ನಿಂತಿದ್ದಳು.

ಆಮೇಲೊಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವರು ಬಾಗಿಲು ಮುಂದೆ ಮಾಡಿ, ಸೊಸೆ ಕಲಿಸಿಕೊಟ್ಟಂತೆ ಫೋನಿನಲ್ಲಿ ಒಂದೇ ಒಂದು ಪದ ಹಾಡಿ ಅದರಲ್ಲಿ ಇಟ್ಟರು. ಆರು ನಿಮಿಷದ ಪದ. ವರ್ಷಕ್ಕೊಮ್ಮೆ ಒಬ್ಬರೇ ಕೂತು ಕೇಳುತ್ತಿದ್ದರು. ಕೇಳಿದ ಮೇಲೆ ಮುಖ ತೊಳೆದುಕೊಂಡು ಒಲೆ ಹಚ್ಚುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಮಹಾಂತೇಶ ಹೆಂಡತಿಯನ್ನು ನನ್ನ ಮುಂದೆ ಕರೆತಂದ. "ಎಲ್ಲಾ ಅಧಿಕಾರ ನಿನ್ನ ಕೈಯಾಗ ಐತಲ್ಲ, ಆ ಫೋಲ್ಡರ್ ತೆಗಿ. ಅವ್ವ ಏನ್ ಹಾಡ್ಯಾಳ, ಒಂದ್ಸಲ ಕೇಳೂಣು."

ಸುಮಂಗಲಾ ಅನುಮತಿಯ ಪುಟ ತೆರೆದಳು. ಅವಳು ಒಂದು ಗುರುತು ಹಾಕಿದ್ದರೆ ಸಾಕು, ನಾನು ತಡೆಯುತ್ತಿರಲಿಲ್ಲ. ಅವಳ ಕೈ ಬಹಳ ಹೊತ್ತು ಮೌಸಿನ ಮೇಲೇ ಇತ್ತು.

"ಬ್ಯಾಡ್ರಿ," ಎಂದಳು ಕೊನೆಗೆ. "ತೆರೀರಿ ಅನ್ನಾಕ ಅತ್ತಿಯವ್ರಿಗೆ ಬಾಯಿ ಇತ್ತು. ಅನ್ನಲಿಲ್ಲ. ನಾ ಮಾತು ಕೊಟ್ಟೀನಿ."

ಮಹಾಂತೇಶ ಕಣ್ಣೊರೆಸಿಕೊಂಡು, "ಹಂಗಾರ ಬೀಸೂ ಪದಾನ ಹಚ್ಚು" ಎಂದ. ಇಬ್ಬರೂ ನೆಲದ ಮೇಲೆ ಕೂತು ಸಂಜೆಯವರೆಗೆ ಕೇಳಿದರು.

ಈಗ ಫೋಟೊ, ಹಾಡು ಇಡಲು ಮನೆಗೆ ಪುಟ್ಟದೊಂದು ಹೊಸ ಪೆಟ್ಟಿಗೆ ಬಂದಿದೆ. ಅತ್ತೆಯ ಫೋಲ್ಡರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಹೋಯಿತು. ಗುಜರಿಯವನು ಎರಡು ಸಲ ಕೇಳಿದರೂ ಸುಮಂಗಲಾ ನನ್ನನ್ನು ಕೊಡಲಿಲ್ಲ. ತಿಂಗಳಿಗೊಮ್ಮೆ ಧೂಳು ಒರೆಸಿ ಚಾಲೂ ಮಾಡುತ್ತಾಳೆ. ನನ್ನ ಫ್ಯಾನು ಮುದುಕರ ಕೆಮ್ಮಿನಂತೆ ಸದ್ದು ಮಾಡುತ್ತದೆ.

ಆ ಪದದಲ್ಲಿ ಏನಿತ್ತೆಂದು ನಿಮಗೂ ಹೇಳಲಾರೆ. ಅದನ್ನು ತೆರೆಯಬಹುದಾದವರೆಂದು ನನಗೆ ಒಪ್ಪಿಸಿದ ಪಟ್ಟಿಯಲ್ಲಿ ಇರುವುದು ಒಂದೇ ಹೆಸರು.