ಉಳಿದ ಜಡೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಮ್ಮ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ಆದರೆ ಆ ಮಂಗಳವಾರ ಅವನ ಮಗಳು ಶಾಲೆಯಿಂದ ನೇರ ನನ್ನ ಪಾರ್ಲರಿಗೆ ಬಂದು ಬಾಗಿಲಲ್ಲಿ ನಿಂತ ರೂಪ ನೋಡಿದ್ದರೆ ಆ ತಣ್ಣೀರಿನಂಥ ಮನುಷ್ಯನಿಗೂ ಪಿತ್ತ ನೆತ್ತಿಗೇರುತ್ತಿತ್ತು. ಎಡಗಡೆಯ ಜಡೆ ಸೊಂಟದವರೆಗೆ ಇತ್ತು. ಬಲಗಡೆಯದು ಇರಲಿಲ್ಲ. ಅಲ್ಲಿ ಕಿವಿಯ ಕೆಳಗೆ ಒಂದಿಷ್ಟು ಕೂದಲು ಸವೆದ ಪೊರಕೆಯ ಹಾಗೆ ಕೆದರಿ ನಿಂತಿತ್ತು.

ಗಿರಾಕಿಯೊಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಬ್ರಷ್ಷು ಕೈಯಿಂದ ಜಾರಿ ಅವರ ಹೆಗಲ ಮೇಲೆ ಬಿತ್ತು.

"ಯಾರೇ ಮಾಡಿದ್ದು?"

"ಲೀಡರ್."

ಅಷ್ಟೇ ಹೇಳಿ ಮೂಲೆಯ ಸ್ಟೂಲಿನ ಮೇಲೆ ಕೂತಳು. ಅವಳ ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಶಾಲೆ ಬಿಟ್ಟ ಮೇಲೆ ಅವಳಿಗೆ ಆ ಸ್ಟೂಲೇ ಮನೆ. ಬಾಯಿ ಬಂದ ದಿನದಿಂದ ಮಾತಿನಮಲ್ಲಿ, ಅದಕ್ಕೇ ನಾನು ಮಲ್ಲಿ ಎಂದು ಕರೆಯುವುದು. ಗಿರಾಕಿಗಳು ನನಗಿಂತ ಅವಳ ಜೊತೆ ಹರಟುವುದಕ್ಕೇ ಬರುತ್ತಾರೇನೋ ಎಂದು ಎಷ್ಟೋ ಸಲ ಅನುಮಾನ ಬಂದಿದೆ. ಅಂಥವಳು ಆವತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಆ ಜಡೆಗಳನ್ನು ಹೆಣೆಯುತ್ತಿದ್ದದ್ದು ನಾನು. ಊರಿನ ತಲೆಗಳನ್ನೆಲ್ಲ ಕತ್ತರಿಸಿ ಹೊಟ್ಟೆ ಹೊರೆಯುವ ನಾನು ಆ ತಲೆಗೆ ಮಾತ್ರ ತುದಿ ಸೀಳಿದ ಕೂದಲು ತೆಗೆಯುವುದಕ್ಕಲ್ಲದೆ ಕತ್ತರಿ ತಾಗಿಸಿರಲಿಲ್ಲ.

ಗಿರಾಕಿಯನ್ನು ಕಳಿಸಿ, ಬಾಗಿಲು ಹಾಕಿ, ಒಂದೊಂದೇ ಮಾತು ಹೊರಡಿಸಿದೆ. ಲೀಡರ್ ಎನ್ನುವವನು ಅವಳ ತರಗತಿಯ ಮುಖಂಡ. ಲೆಕ್ಕದ ಉತ್ತರ ತೋರಿಸು ಎಂದಿದ್ದಾನೆ. ಇವಳು ತೋರಿಸಲಿಲ್ಲ. ಕರಕುಶಲದ ಪಾಠ ಮುಗಿದ ಮೇಲೆ ವಾಪಸು ಕೊಡದೆ ಇಟ್ಟುಕೊಂಡ ಕತ್ತರಿ ಅವನ ಹತ್ತಿರ ಇತ್ತು. ಹಿಂದಿನ ಬೆಂಚಿನಿಂದ ಬಗ್ಗಿ ಕಚಕಚ ಕತ್ತರಿಸಿ, ಜಡೆಯನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದ್ದಾನೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದಾರೆ.

"ಟೀಚರ್ ಇರಲಿಲ್ವಾ?"

"ಇದ್ರು. ಬೋರ್ಡ್ ಮೇಲೆ ಬರೀತಿದ್ರು."

"ಅಷ್ಟು ಗಲಾಟೆ ಆದ್ರೂ ತಿರುಗಿ ನೋಡ್ಲಿಲ್ವಾ?"

"ಅವರು ತಿರುಗಲ್ಲ ಅತ್ತೆ. ಬೆಲ್ ಹೊಡೆಯೋ ತನಕ ಬರೀತಾನೇ ಇರ್ತಾರೆ. ತುಂಬಿದ್ರೆ ಒರೆಸಿ ಮತ್ತೆ ಬರೀತಾರೆ. ಹೋದ ವರ್ಷ ತಿರುಗಿದಾಗ ಡಸ್ಟರ್ ಬಂದು ಮುಖಕ್ಕೆ ಬಿತ್ತಲ್ಲ, ಆವತ್ತಿಂದ ಹಾಗೇನೇ."

ಕತ್ತರಿ, ಬಾಚಣಿಗೆ ಕೈಗೆ ತೆಗೆದುಕೊಂಡೆ. ನನ್ನ ಕಣ್ಣೆದುರು ಒಂದು ತಲೆ ಓರೆಕೋರೆಯಾಗಿ ಇರುವುದನ್ನು ನಾನು ಸಹಿಸಲಾರೆ, ಅದು ನನ್ನ ಕಸುಬಿನ ರೋಗ.

"ಬಾ, ಕೂತ್ಕೋ. ಸರಿ ಮಾಡ್ಬಿಡ್ತೀನಿ."

"ಬೇಡ ಅತ್ತೆ. ಹೀಗೇ ಇರ್ಲಿ. ಶಾಲೇಲಿ ಎಲ್ರೂ ನೋಡ್ಬೇಕು."

ಮರುದಿನ ಅವಳ ಕೈ ಹಿಡಿದುಕೊಂಡು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಕಾಯಲು ಹೇಳಿದರು. ಎದುರಿನ ಗೋಡೆಯ ತುಂಬ ಚೌಕಟ್ಟು ಹಾಕಿದ ಫೋಟೋಗಳು, ಮೇಲೆ ಬಣ್ಣದ ಅಕ್ಷರದಲ್ಲಿ 'ಸ್ನೇಹದ ಗೋಡೆ'. ಪ್ರತಿಯೊಂದರಲ್ಲೂ ಇಬ್ಬರು ಮಕ್ಕಳು ಕೈ ಕುಲುಕುತ್ತಾ ನಿಂತಿದ್ದಾರೆ. ಹೊಡೆದಾಟ ಆದರೆ ಈ ಶಾಲೆಯಲ್ಲಿ ಬೈಯುವುದಿಲ್ಲ, ಬಡಿಯುವುದಿಲ್ಲ, ಹೊರಗೆ ಕಳಿಸುವುದೂ ಇಲ್ಲ. ಶುಕ್ರವಾರದ ಪ್ರಾರ್ಥನೆಯಲ್ಲಿ ಇಬ್ಬರನ್ನೂ ವೇದಿಕೆಗೆ ಹತ್ತಿಸಿ, ಕೈ ಕುಲುಕಿಸಿ, ಫೋಟೋ ಹೊಡೆದು ಇಲ್ಲಿ ನೇತುಹಾಕುತ್ತಾರೆ. ಅಲ್ಲಿಗೆ ಎಲ್ಲವೂ ಮುಗಿಯಿತು.

ನೋಡುತ್ತಾ ನೋಡುತ್ತಾ ನನ್ನ ಕಣ್ಣು ಒಂದು ಮುಖದ ಮೇಲೆ ನಿಂತಿತು. ಅದರ ಪಕ್ಕದ ಫೋಟೋದಲ್ಲೂ ಅದೇ ಮುಖ. ಕೆಳಗೂ ಅದೇ. ಎಡಗಡೆ ನಿಂತ ಮಗು ಬದಲಾಗುತ್ತಿತ್ತು: ಒಬ್ಬನ ಕಣ್ಣು ಊದಿತ್ತು, ಒಬ್ಬಳ ಮೊಣಕೈಗೆ ಪಟ್ಟಿ ಇತ್ತು. ಬಲಗಡೆ ಹಲ್ಲು ಕಿರಿಯುತ್ತಾ ನಿಂತವನು ಮಾತ್ರ ಒಬ್ಬನೇ.

"ಇವನೇನಾ?" ಎಂದೆ. ಮಲ್ಲಿ ತಲೆಯಾಡಿಸಿದಳು.

ಮುಖ್ಯೋಪಾಧ್ಯಾಯರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು. ಮಗುವಿನ ತಲೆ ನೋಡಿ ಲೊಚಗುಟ್ಟಿದರು. ಕೂದಲು ತಾನೇ, ಬೆಳೆಯುತ್ತೆ ಬಿಡಿ ಎಂದರು. ಆಮೇಲೆ ಶುಕ್ರವಾರದ ವಿಷಯಕ್ಕೆ ಬಂದರು.

"ಸರ್, ಹೊರಗಡೆ ಗೋಡೆ ನೋಡಿದೀರಾ? ಅದ್ರಲ್ಲಿ ಅರ್ಧಕ್ಕರ್ಧ ಅವನೇ ಇದಾನೆ."

ಅವರ ಮುಖ ಅರಳಿತು. "ಅದನ್ನೇ ನಾನು ಎಲ್ರಿಗೂ ಹೇಳೋದು ತಾಯಿ. ಅಷ್ಟು ಸಲ ಕೈ ಚಾಚಿದಾನೆ ಹುಡುಗ. ಒಂದು ಸಲಾನೂ ಆಗಲ್ಲ ಅಂದಿಲ್ಲ. ಆ ಗುಣ ನೋಡಿನೇ ಅವನನ್ನ ಕ್ಲಾಸ್ ಲೀಡರ್ ಮಾಡಿದ್ದು."

ನನ್ನ ಮೈಯೆಲ್ಲ ಉರಿದುಹೋಯಿತು. ಇವರಿಗೆ ಕಣ್ಣಿಲ್ಲ ಎಂದುಕೊಂಡು ಬಂದಿದ್ದೆ. ಇವರು ದಿನಾ ಬೆಳಿಗ್ಗೆ ಆ ಗೋಡೆಯನ್ನು ನೋಡಿ, ಸಂತೋಷಪಟ್ಟು, ಒಳಗೆ ಬಂದು ಕೂರುತ್ತಿದ್ದರು.

"ನಾನು ಕೈ ಕೊಡಲ್ಲ ಸರ್," ಎಂದಳು ಮಲ್ಲಿ.

"ಹಾಗಂದ್ರೆ ಹೇಗಮ್ಮ? ಅವನು ಬಗ್ಗಿದಾನೆ, ನೀನು ಬಗ್ಗಲ್ಲ ಅಂದ್ರೆ ಅದು ಅಶಿಸ್ತು. ಕೈ ಕೊಡೋ ತನಕ ಕ್ಲಾಸಿಗೆ ಸೇರಿಸೋಕೆ ಆಗಲ್ಲ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನೀವು ಪಾರ್ಲರ್ ಇಟ್ಕೊಂಡಿರೋರಂತೆ. ಶುಕ್ರವಾರದೊಳಗೆ ಸ್ವಲ್ಪ ಸರಿ ಮಾಡಿ ಕರ್ಕೊಂಡು ಬನ್ನಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ."

ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿ ನಾನು ಅವರತ್ತ ಬೀಸಲಿಲ್ಲ. ಅದು ನನ್ನ ಹಿರಿಮೆಯಲ್ಲ, ಮಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಕತ್ತರಿ ಹಿಡಿದವನು ಆ ಎರಡು ದಿನವೂ ತರಗತಿಯಲ್ಲಿದ್ದ. ಜಡೆ ಕಳೆದುಕೊಂಡವಳು ನನ್ನ ಪಾರ್ಲರಿನ ಸ್ಟೂಲಿನ ಮೇಲಿದ್ದಳು. ಗುರುವಾರ ಸಂಜೆ ತಮ್ಮ ಬಂದ.

"ಅಕ್ಕ, ಹೋಗ್ಲಿ ಬಿಡು. ಒಂದು ನಿಮಿಷದ ಕೆಲಸ. ಕೈ ಕೊಟ್ಟು ಬಂದುಬಿಡ್ಲಿ. ಓದೋ ಹುಡುಗಿ, ಹೀಗೆ ಮನೇಲಿ ಕೂತ್ರೆ ಹಾಳಾಗೋದು ಯಾರು?"

"ಹಾಗಾದ್ರೆ ನೀನು ಹೋಗಿ ಕೊಡು ಕೈ. ನಿನಗೆ ಅಭ್ಯಾಸ ಇದೆ."

ಅವನು ತಲೆ ತಗ್ಗಿಸಿದ. ಅವನ ಮೇಲೆ ಹರಿಹಾಯ್ದು ಏನು ಪ್ರಯೋಜನ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಹಾಳಾಗುವವಳು ಇವಳೇ. ಅಷ್ಟರಲ್ಲಿ ಮೂಲೆಯಿಂದ ಮಲ್ಲಿ, "ನಾನು ನಾಳೆ ಹೋಗ್ತೀನಿ ಅಪ್ಪ," ಎಂದಳು. ತಮ್ಮ ನಿಟ್ಟುಸಿರು ಬಿಟ್ಟ. ನಾನು ಕೈಯಲ್ಲಿದ್ದ ಬಾಚಣಿಗೆಯನ್ನು ಡ್ರಾಯರಿಗೆ ಎಸೆದೆ.

ಶುಕ್ರವಾರ ಬೆಳಿಗ್ಗೆ ಉಳಿದ ಒಂದು ಜಡೆಯನ್ನೇ ಬಿಗಿಯಾಗಿ ಹೆಣೆದೆ. ಬಲಗಡೆ ಹೇಗಿತ್ತೋ ಹಾಗೇ ಬಿಟ್ಟೆ. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರು, ಸಾಲು ಎನ್ನುವುದು ಹೆಸರಿಗೆ. ಒದೆಯುವವರು ಒದೆಯುತ್ತಿದ್ದರು, ತಳ್ಳುವವರು ತಳ್ಳುತ್ತಿದ್ದರು. ನಾನು ಗೇಟಿನ ಹತ್ತಿರ ನಿಂತೆ. ವೇದಿಕೆಯ ಮುಂದೆ ತೆಳ್ಳಗಿನ ಟೀಚರೊಬ್ಬರು ಕ್ಯಾಮೆರಾ ಹಿಡಿದುಕೊಂಡಿದ್ದರು. ಮಲ್ಲಿ ಹೇಳಿದ್ದ ಬೋರ್ಡಿನ ಟೀಚರ್ ಅವರೇ. ಹುಬ್ಬಿನ ಮೇಲೆ ಡಸ್ಟರಿನ ಏಟಿನ ಗೀರು ಇನ್ನೂ ಇತ್ತು.

ಮುಖ್ಯೋಪಾಧ್ಯಾಯರು ಕ್ಷಮೆಯ ಬಗ್ಗೆ ನಾಲ್ಕು ಮಾತಾಡಿದರು. ಲೀಡರ್ ಹತ್ತಿದ. ಎಲ್ಲಿ ನಿಲ್ಲಬೇಕು ಎಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಬಲಗಡೆ ನಿಂತು, ಕ್ಯಾಮೆರಾ ನೋಡಿ ಹಲ್ಲು ಕಿರಿದು, ಕೈ ಚಾಚಿದ. ಮಲ್ಲಿ ಎಡಗಡೆ ಹೋಗಿ ನಿಂತಳು. ಆಮೇಲೆ ಕ್ಯಾಮೆರಾಕ್ಕೆ, ಇಡೀ ಶಾಲೆಗೆ ಬೆನ್ನು ಮಾಡಿ ತಿರುಗಿಬಿಟ್ಟಳು. ಒಂದು ಕಡೆ ಸೊಂಟದವರೆಗಿನ ಜಡೆ. ಇನ್ನೊಂದು ಕಡೆ ಬರೀ ಕತ್ತು.

"ಈಗ ತೆಗೀರಿ ಮೇಡಂ," ಎಂದಳು.

ಕೆಲವರು ನಕ್ಕರು. ಆ ನಗು ಸ್ವಲ್ಪ ದೂರ ಹೋಗಿ ನಿಂತುಹೋಯಿತು.

"ತಿರುಗಮ್ಮ ಈ ಕಡೆ," ಎಂದರು ಮುಖ್ಯೋಪಾಧ್ಯಾಯರು. ಅವಳು ತಿರುಗಲಿಲ್ಲ. "ಮೇಡಂ, ನೀವಾದ್ರೂ ಹೇಳಿ ಅವಳಿಗೆ."

ಟೀಚರ್ ಕ್ಯಾಮೆರಾ ಎತ್ತಿ ಒಂದು ಫೋಟೋ ತೆಗೆದರು. ಆಮೇಲೆ ಅದನ್ನು ಕೆಳಗಿಳಿಸಿದರು.

"ನಾನಿದ್ದ ಕ್ಲಾಸಲ್ಲೇ ಆಗಿದ್ದು ಸರ್ ಇದು. ನನಗೆ ಕತ್ತರಿ ಸದ್ದು ಕೇಳಿಸ್ತು. ಹೆದರಿಕೆ ಆಯ್ತು, ಬರೀತಾನೇ ಇದ್ದೆ." ಅವರು ಕ್ಯಾಮೆರಾವನ್ನು ವೇದಿಕೆಯ ಅಂಚಿನಲ್ಲಿಟ್ಟರು. "ಇವಳು ಯಾಕೆ ಸರ್ ಕೈ ಕೊಡಬೇಕು? ಇವಳಿಗೆ ಹೇಳೋಕೆ ನನಗೆ ಯಾವ ಮುಖ ಇದೆ?"

ಲೀಡರ್ ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ಆ ನಗು ಇಲ್ಲದ್ದನ್ನು ನಾನು ಮೊದಲ ಸಲ ನೋಡಿದೆ. ಮುಖ್ಯೋಪಾಧ್ಯಾಯರು ಯಾರ ಮುಖವನ್ನೂ ನೋಡದೆ, "ಎಲ್ಲರೂ ಕ್ಲಾಸಿಗೆ ಹೋಗಿ," ಎಂದರು. ಎಲ್ಲರೂ ಎಂದರೆ ಮಲ್ಲಿಯೂ. ಅವಳು ಇಳಿದು ಸಾಲಿಗೆ ಸೇರಿಕೊಂಡಳು. ಟೀಚರ್ ಅವಳ ಜೊತೆಗೇ ಹೋದರು.

ಗೆದ್ದೆವು ಎಂದು ನಾನು ಹೇಳುವುದಿಲ್ಲ. ಆ ಫೋಟೋ ಗೋಡೆಗೆ ಬರಲಿಲ್ಲ, ಬೇರೆಯವು ಇನ್ನೂ ಅಲ್ಲೇ ನೇತಾಡುತ್ತಿವೆ. ಲೀಡರ್ ಈಗಲೂ ಲೀಡರ್.

ಆವತ್ತು ಸಂಜೆ ಮಲ್ಲಿ ಬಂದವಳೇ ಸ್ಟೂಲಿಗೆ ಹೋಗಲಿಲ್ಲ. ಗಿರಾಕಿಗಳ ಕುರ್ಚಿ ಹತ್ತಿ ಕನ್ನಡಿಯ ಮುಂದೆ ಕೂತಳು.

"ಮೇಡಂ ಇವತ್ತು ನಮ್ಮ ಕಡೆ ತಿರುಗಿ ಪಾಠ ಮಾಡಿದ್ರು ಅತ್ತೆ. ಡಸ್ಟರ್ ಮಾತ್ರ ಕೈಯಿಂದ ಕೆಳಗಿಡ್ಲಿಲ್ಲ," ಎಂದಳು. ಆಮೇಲೆ, "ಈಗ ಸರಿ ಮಾಡು," ಎಂದಳು.

ಕತ್ತಿಗೆ ಬಟ್ಟೆ ಸುತ್ತಿದೆ. ಕತ್ತರಿ ಎತ್ತಿದೆ. ಸರಿ ಮಾಡುವುದು ಎಂದರೆ ಇನ್ನೇನು? ಹೋದ ಜಡೆಯನ್ನು ತಂದು ಅಂಟಿಸಲು ಬರುವುದಿಲ್ಲ. ಎರಡೂ ಕಡೆ ಸಮ ಆಗಬೇಕಾದರೆ ಉಳಿದದ್ದನ್ನು ಕತ್ತರಿಸಬೇಕು. ಮೊದಲನೆಯದನ್ನು ಒಬ್ಬ ಪುಂಡ ನಗುತ್ತಾ ಕತ್ತರಿಸಿದ. ಎರಡನೆಯದನ್ನು ಅವಳನ್ನು ಎತ್ತಿ ಆಡಿಸಿದ ನಾನು ಕತ್ತರಿಸಬೇಕು.

"ಅಳ್ಬೇಡ ಅತ್ತೆ, ಓರೆ ಆಗುತ್ತೆ," ಎಂದಳು ಮಲ್ಲಿ.

ಕಣ್ಣು ಒರೆಸಿಕೊಂಡು ಕತ್ತರಿಸಿದೆ.